ಪುಣೆಯ ಪ್ಲೇಗು, 1897: ಒಂದು ರಾಜಕೀಯ ತಿರುವಿನ ಕಾರಣಗಳು

ಆಧುನಿಕ ರಾಜಕೀಯ ಇತಿಹಾಸದ ತಿರುವುಗಳು ಯಾವುವೆಂದು ಯಾರಾದರೂ ಕೇಳಿದರೆ ನಾವು ಯುದ್ಧಗಳನ್ನು, ಒಪ್ಪಂದಗಳನ್ನು, ಚುನಾವಣೆಗಳನ್ನು ಹೆಸರಿಸುತ್ತೇವೆ. ಶಾಲೆಯಲ್ಲಿ ನಮಗೆ ಕಲಿಸಿದ ಕ್ರಮವೂ ಅದೇ: ಇಸವಿ, ಕಾರಣಗಳು, ಪರಿಣಾಮಗಳು, ಒಂದೊಂದಕ್ಕೂ ಇಂತಿಷ್ಟು ಅಂಕಗಳು. ಆದರೆ ಒಂದು ರೋಗವು, ಇನ್ನೂ ಸರಿಯಾಗಿ ಹೇಳುವುದಾದರೆ ಆ ರೋಗವನ್ನು ತಡೆಯಲು ಕೈಕೊಂಡ ಉಪಾಯವು, ದೇಶದ ರಾಜಕಾರಣದ ದಿಕ್ಕನ್ನು ಬದಲಿಸಿದ ಪ್ರಸಂಗವೊಂದು ನಾವು ಅನ್ನ ಉಣ್ಣುತ್ತಿರುವ ಈ ಪುಣೆ ನಗರದಲ್ಲಿಯೇ ನಡೆದಿದೆ. ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ರಕ್ತದೊತ್ತಡ, ಮಧುಮೇಹಗಳ ಪಕ್ಕದಲ್ಲಿ ಇತಿಹಾಸಕ್ಕೂ ಒಂದಿಷ್ಟು ಸ್ಥಳವನ್ನು ಬೇಡಲು ನನಗೆ ಧೈರ್ಯ ಬಂದದ್ದು ಈ ಕಾರಣದಿಂದ.

ನಾನು ಇತಿಹಾಸಕಾರನಲ್ಲ, ವೈದ್ಯನಂತೂ ಅಲ್ಲವೇ ಅಲ್ಲ. ವಾಣಿಜ್ಯಶಾಸ್ತ್ರವನ್ನೋದಿ ಬ್ಯಾಂಕಿನ ಕೆಲಸದಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದವನು. ಯಾವ ಘಟನೆಯನ್ನು ನೋಡಿದರೂ ನನ್ನ ಕಣ್ಣು ಜಮಾಖರ್ಚಿನ ಕಡೆಗೇ ಹೊರಳುತ್ತದೆ. ವಾಚಕರು ಈ ವೃತ್ತಿದೋಷವನ್ನು ಮನ್ನಿಸಬೇಕು.

ರೋಗ ಬಂದ ಬಗೆ

1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಹಬ್ಬಿದಾಗ ಅಲ್ಲಿಗೆ ಹೋಗಿದ್ದ ಅಲೆಕ್ಸಾಂಡರ್ ಯೆರ್ಸಿನ್ ಎಂಬ ವಿಜ್ಞಾನಿಯು ಆ ರೋಗದ ಜೀವಾಣುವನ್ನು ಕಂಡುಹಿಡಿದನು. ಎರಡು ವರ್ಷಗಳ ಅನಂತರ ರೋಗವು ಮುಂಬಯಿಗೆ ಬಂದಿತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಅದನ್ನು ಮೊದಲು ಗುರುತಿಸಿದವರು ಡಾಕ್ಟರ್ ಅಕಾಸಿಯೊ ವಿಯೇಗಸ್ ಎಂಬ ಗೋವೆಯ ಮೂಲದ ವೈದ್ಯರು. ಧಾನ್ಯದ ಗೋದಾಮುಗಳಿದ್ದ ಭಾಗವದು. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ. ಆದರೆ ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ದಾಟಿಸುತ್ತದೆಂಬ ಸಂಗತಿ ಆಗ ಯಾರಿಗೂ ತಿಳಿದಿರಲಿಲ್ಲ. ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ಅದನ್ನು ಪ್ರಯೋಗದಿಂದ ತೋರಿಸಿದ್ದು 1898ರಲ್ಲಿ, ಕರಾಚಿಯಲ್ಲಿ. ಅವನನ್ನು ಶಾಸ್ತ್ರಜ್ಞರು ನಂಬಲು ಇನ್ನೂ ಕೆಲವು ವರ್ಷಗಳು ಬೇಕಾದವು. ಈ ಒಂದು ಅಜ್ಞಾನವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಪುಣೆಯಲ್ಲಿ ನಡೆದ ಅನರ್ಥಗಳಲ್ಲಿ ಅರ್ಧಕ್ಕೆ ಅದೇ ಮೂಲ.

1897ರ ಆರಂಭದ ಹೊತ್ತಿಗೆ ರೋಗವು ಪುಣೆಯ ಪೇಟೆಗಳಲ್ಲಿ ಬೇರೂರಿತು. ಅನುಕೂಲವಿದ್ದವರು ಊರು ಬಿಟ್ಟರು. ಉಳಿದವರ ಮನೆಗಳಲ್ಲಿ ತೊಡೆಯ ಸಂದಿನಲ್ಲೋ ಕಂಕುಳಿನಲ್ಲೋ ಗಂಟು ಕಾಣಿಸಿಕೊಂಡು, ಜ್ವರವೇರಿ, ಮೂರು ನಾಲ್ಕು ದಿನಗಳಲ್ಲಿ ಎಲ್ಲವೂ ಮುಗಿಯುತ್ತಿತ್ತು. ಅದೇ ಫೆಬ್ರುವರಿ 4ರಂದು ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿತು. ಕೇವಲ ನಾಲ್ಕು ಕಲಮುಗಳ ಕಾಯಿದೆ. ನಮ್ಮ ಬ್ಯಾಂಕಿನ ಸಾಲದ ಅರ್ಜಿಯೇ ಅದಕ್ಕಿಂತ ಉದ್ದವಾಗಿರುತ್ತದೆ! ಸರಕಾರವು ಅಗತ್ಯವೆಂದು ಕಂಡ ಯಾವ ಕ್ರಮವನ್ನಾದರೂ ಕೈಕೊಳ್ಳಬಹುದು. ಆಜ್ಞೆಯನ್ನು ಮೀರಿದವರಿಗೆ ಶಿಕ್ಷೆ. ಸದ್ಭಾವನೆಯಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಸಾರಾಂಶದಲ್ಲಿ ಇಷ್ಟೇ. ರೋಗಿಯ ಹಕ್ಕಿನ ಬಗೆಗೆ ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಪುಣೆಯಲ್ಲಿ ಈ ಅಧಿಕಾರವು ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿಯ ಕೈಗೆ ಬಂದಿತು. ಅವನು ಸಾತಾರೆಯಲ್ಲಿ ಸಹಾಯಕ ಕಲೆಕ್ಟರನಾಗಿದ್ದವನು. ವಿಶೇಷ ಪ್ಲೇಗ್ ಸಮಿತಿಯ ಅಧ್ಯಕ್ಷನಾಗಿ ಅವನು ಸೈನ್ಯವನ್ನು ಕರೆಸಿಕೊಂಡನು. ಮಾರ್ಚ್ ತಿಂಗಳ ಮಧ್ಯದಿಂದ ಮೇ ತಿಂಗಳ ಮೂರನೆಯ ವಾರದವರೆಗೆ ಗೋರಾ ಸಿಪಾಯಿಗಳು ಪೇಟೆ ಪೇಟೆಗಳನ್ನು ಸುತ್ತುವರಿದು ಮನೆ ಮನೆಗಳನ್ನು ಶೋಧಿಸಿದರು. ಜ್ವರವಿದ್ದವರನ್ನು ಆಸ್ಪತ್ರೆಗೆ, ಅವರ ಮನೆಮಂದಿಯನ್ನು ಪ್ರತ್ಯೇಕವಾದ ಶಿಬಿರಕ್ಕೆ ಸಾಗಿಸಿದರು. ಹಾಸಿಗೆ ಬಟ್ಟೆಗಳನ್ನು ಸುಟ್ಟರು, ನೆಲವನ್ನು ಅಗೆದರು, ಗೋಡೆಗಳಿಗೆ ಸುಣ್ಣ ಬಳಿದರು. ಸಾವನ್ನು ದಾಖಲಿಸುವ ಮುನ್ನ ಅಂತ್ಯಕ್ರಿಯೆ ಮಾಡಕೂಡದೆಂಬ ಆಜ್ಞೆಯಾಯಿತು. ಬೂಟುಗಾಲಿನ ಪರಕೀಯನು ಅಡಿಗೆಯ ಮನೆಗೂ ದೇವರ ಮನೆಗೂ ನುಗ್ಗಿದನು. ಹೆಂಗಸರನ್ನು ಬೀದಿಗೆ ಕರೆದು ಮೈಮುಟ್ಟಿ ನೋಡಿದರೆಂಬ ದೂರುಗಳು ಎಲ್ಲೆಡೆ ಹಬ್ಬಿದವು.

ರ‍್ಯಾಂಡನನ್ನು ರಾಕ್ಷಸನೆಂದು ಬರೆದುಬಿಡುವುದು ಸುಲಭ. ಹಾಗೆ ಬರೆದವರೂ ಬಹಳ. ನನಗೆ ಅವನು ರಾಕ್ಷಸನಂತೆ ಕಾಣುವುದಿಲ್ಲ. ಗುರಿಯನ್ನು ಮುಟ್ಟಲೇಬೇಕೆಂಬ ದಕ್ಷ ಅಧಿಕಾರಿಯಂತೆ ಕಾಣುತ್ತಾನೆ. ಸಿಪಾಯಿಗಳು ಜನರ ಆಚಾರ ವಿಚಾರಗಳಿಗೆ ಮರ್ಯಾದೆ ಕೊಡಬೇಕೆಂಬ ನಿಯಮಗಳು ಕಾಗದದ ಮೇಲೆ ಇದ್ದವು. ಬೇಸಿಗೆ ಬಂದ ಹಾಗೆ ಸಾವುಗಳು ಕಡಿಮೆಯಾದವು. ತನ್ನ ಉಪಾಯ ಫಲಿಸಿತೆಂದು ಅವನು ನಂಬಿದನು. ವಾಸ್ತವದಲ್ಲಿ ನಮ್ಮ ದಖನ್ನಿನ ಬಿಸಿಲಿನಲ್ಲಿ ಚಿಗಟಗಳ ಹಾವಳಿ ತಾನಾಗಿಯೇ ಇಳಿಯುತ್ತದೆ. ಮಳೆಗಾಲ ಕಳೆದ ಮೇಲೆ ರೋಗವು ಮರಳಿ ಬಂದಿತು, ಮತ್ತೂ ಉಗ್ರವಾಗಿ.

ಇಲ್ಲಿ ನನ್ನದೇ ಒಂದು ನೆನಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಗ್ರಾಮಾಂತರ ಶಾಖೆಯೊಂದರಲ್ಲಿದ್ದಾಗ ನಾವು ಮಾರ್ಚ್ ಕೊನೆಯ ವಾರ ಜೀಪು ತೆಗೆದುಕೊಂಡು ಸಾಲವಸೂಲಿಗೆ ಹೋಗುತ್ತಿದ್ದೆವು. ಚಾವಡಿಯ ಮುಂದೆ ನಿಂತು, ನಾಲ್ಕು ಜನರ ಎದುರಿಗೆ, ಹೆಸರು ಹಿಡಿದು ಕರೆಯುವುದು ಪದ್ಧತಿ. ಆ ವರ್ಷದ ವಸೂಲಿಯ ಅಂಕಿಗಳು ಚೆನ್ನಾಗಿ ಬಂದವು. ಮೇಲಿನವರಿಂದ ಪ್ರಶಂಸಾಪತ್ರವೂ ಬಂದಿತು. ಮರುವರ್ಷ ಆ ಊರಿನವರು ಠೇವಣಿ ಇಡಲೂ ನಮ್ಮಲ್ಲಿಗೆ ಬರಲಿಲ್ಲ. ಈ ನಷ್ಟವನ್ನು ಬರೆದಿಡಲು ನಮ್ಮ ಖಾತೆಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

ಮಣ್ಣು ಮತ್ತು ಕುಂಬಾರ

ನಮ್ಮ ತರ್ಕಶಾಸ್ತ್ರಜ್ಞರು ಕಾರಣಗಳನ್ನು ವಿಂಗಡಿಸುವಾಗ ಮಡಕೆಯ ಉದಾಹರಣೆಯನ್ನು ಕೊಡುತ್ತಾರೆ. ಮಡಕೆಗೆ ಮಣ್ಣು ಉಪಾದಾನ ಕಾರಣ, ಕುಂಬಾರನು ನಿಮಿತ್ತ ಕಾರಣ. ರಾಜಕೀಯ ತಿರುವುಗಳನ್ನು ಅಭ್ಯಾಸ ಮಾಡುವವರಿಗೆ ಇದು ಬಹಳ ಉಪಯುಕ್ತವಾದ ವಿಂಗಡಣೆ. 1897ರಲ್ಲಿ ಪ್ಲೇಗು ನಿಮಿತ್ತ ಮಾತ್ರ. ಮಣ್ಣು ಅದಕ್ಕೆ ಮೊದಲೇ ಹದಕ್ಕೆ ಬಂದಿತ್ತು.

1896ರ ಮಳೆ ಕೈಕೊಟ್ಟು ದಖನ್ನಿನಲ್ಲಿ ಬರಗಾಲ ಬಿದ್ದಿತ್ತು. ಸಾರ್ವಜನಿಕ ಸಭೆಯ ಕಾರ್ಯಕರ್ತರು ಹಳ್ಳಿಗಳಲ್ಲಿ ತಿರುಗಿ, ಬರಗಾಲದ ಸಮಯದಲ್ಲಿ ಕಂದಾಯದ ವಿಷಯದಲ್ಲಿ ರೈತನಿಗೆ ಕಾನೂನಿನ ಪ್ರಕಾರವೇ ಯಾವ ರಿಯಾಯಿತಿ ಸಿಗಬೇಕೆಂಬುದನ್ನು ತಿಳಿಸುತ್ತಿದ್ದರು. 1870ರಲ್ಲಿ ಹುಟ್ಟಿದ ಆ ಸಭೆಯು 1895ರಲ್ಲಿ ಬಾಲ ಗಂಗಾಧರ ತಿಲಕರ ಪಕ್ಷದ ಕೈಗೆ ಬಂದಿತ್ತು. ಮರುವರ್ಷ ನ್ಯಾಯಮೂರ್ತಿ ರಾನಡೆಯವರ ಕಡೆಯವರು ದಖನ್ ಸಭೆಯೆಂಬ ಬೇರೊಂದು ಸಂಸ್ಥೆಯನ್ನು ಕಟ್ಟಿಕೊಂಡರು. ಅಂದರೆ ಪುಣೆಯ ಮುಖಂಡರಲ್ಲಿ ಒಡಕು ರೋಗಕ್ಕಿಂತ ಮೊದಲೇ ಮೂಡಿತ್ತು. ಗಣೇಶೋತ್ಸವ ಸಾರ್ವಜನಿಕವಾಗಿತ್ತು, ಶಿವಾಜಿ ಉತ್ಸವ ಆರಂಭವಾಗಿತ್ತು. ಬೀದಿಯಲ್ಲಿ ಜನರನ್ನು ಕೂಡಿಸುವ ವಿದ್ಯೆ ಸಿದ್ಧಿಸಿತ್ತು. 1881ರಿಂದ ನಡೆಯುತ್ತಿದ್ದ 'ಕೇಸರಿ' ಪತ್ರಿಕೆಯನ್ನು ಜನ ಕಾಯ್ದು ಓದುತ್ತಿದ್ದರು.

ಇನ್ನೊಂದು ಕಾರಣವನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಪರರಾಜ್ಯದಲ್ಲಿ ಎಲ್ಲವನ್ನೂ ಕಳೆದುಕೊಂಡ ಮನುಷ್ಯನಿಗೆ ತನ್ನದೆಂದು ಉಳಿದದ್ದು ಮನೆಯ ಹೊಸ್ತಿಲಿನ ಒಳಗಿನ ಭಾಗ. 1891ರಲ್ಲಿ ಹೆಣ್ಣುಮಕ್ಕಳ ಸಮ್ಮತಿವಯಸ್ಸಿನ ಕಾಯಿದೆ ಬಂದಾಗ ಪುಣೆಯಲ್ಲೆದ್ದ ಗದ್ದಲವು ಇದೇ ಹೊಸ್ತಿಲಿನ ಬಗೆಗಿನದು. ಅಂದು ಕಾಯಿದೆಯು ನ್ಯಾಯದ ಪರವಾಗಿತ್ತು, ವಿರೋಧಿಸಿದವರು ತಪ್ಪಿದ್ದರು ಎಂದೇ ನನ್ನ ಮತ. ಆದರೆ ಸರಿಯಾದ ಕಾಯಿದೆಗೂ ತಪ್ಪು ಶೋಧನೆಗೂ ಜನರ ಮನಸ್ಸಿನಲ್ಲಿ ಒಂದೇ ಖಾತೆ ತೆರೆದಿತ್ತು: ಸರಕಾರವು ಒಳಗೆ ಬರುತ್ತಿದೆ. 1897ರಲ್ಲಿ ಅದು ನಿಜವಾಗಿಯೂ, ಬಂದೂಕು ಹಿಡಿದು, ಒಳಗೆ ಬಂದಿತು.

ಎರಡು ಹೆಣಗಳು, ಒಂದು ಮೊಕದ್ದಮೆ

1897ರ ಜೂನ್ 22ರಂದು ವಿಕ್ಟೋರಿಯಾ ರಾಣಿಯ ಆಳಿಕೆಯ ವಜ್ರಮಹೋತ್ಸವ. ಗಣೇಶಖಿಂಡದ ಗವರ್ನರರ ಬಂಗಲೆಯಲ್ಲಿ ಔತಣ, ದೀಪಾಲಂಕಾರ. ರಾತ್ರಿ ಅಲ್ಲಿಂದ ಮರಳುವಾಗ ದಾರಿಯಲ್ಲಿ ರ‍್ಯಾಂಡನ ಮೇಲೆ ದಾಮೋದರ ಹರಿ ಚಾಪೇಕರನು ಗುಂಡು ಹಾರಿಸಿದನು. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟ್ ಬಾಲಕೃಷ್ಣ ಚಾಪೇಕರನ ಗುಂಡಿಗೆ ಬಲಿಯಾಗಿ ಅಲ್ಲಿಯೇ ಸತ್ತನು. ರ‍್ಯಾಂಡನು ಜುಲೈ 3ರಂದು ತೀರಿಕೊಂಡನು. ಚಿಂಚವಡದ ಈ ಸೋದರರ ಕಥೆ ಪುಣೆಯಲ್ಲಿರುವ ಎಲ್ಲರಿಗೂ ಗೊತ್ತು. ದಾಮೋದರನಿಗೆ 1898ರ ಏಪ್ರಿಲಿನಲ್ಲಿ, ಬಾಲಕೃಷ್ಣ, ವಾಸುದೇವ ಮತ್ತು ಅವರ ಮಿತ್ರ ಮಹಾದೇವ ರಾನಡೆಗೆ 1899ರ ಮೇ ತಿಂಗಳಿನಲ್ಲಿ ಗಲ್ಲಾಯಿತು. ಒಂದೇ ತಾಯಿಯ ಮೂವರು ಮಕ್ಕಳು. ಅವರ ಮನಸ್ಸಿನಲ್ಲಿ ಸುಧಾರಕರ ಮೇಲೆಯೂ ಕಡಿಮೆಯ ದ್ವೇಷವಿರಲಿಲ್ಲವೆಂಬ ಸಂಗತಿಯನ್ನು ನಾವು ಮುಚ್ಚಿಡಬೇಕಾದ ಕಾರಣವಿಲ್ಲ.

ಆದರೆ ರಾಜಕೀಯದ ನಿಜವಾದ ತಿರುವು ಆ ರಾತ್ರಿಯ ಗುಂಡುಗಳಲ್ಲಿ ಇಲ್ಲವೆಂದು ನನಗೆ ತೋರುತ್ತದೆ. ಅದು ಅನಂತರದ ಮೂರು ತಿಂಗಳಲ್ಲಿದೆ. ಕೊಲೆಗಾರರು ಸಿಗದೆ ಕಂಗೆಟ್ಟ ಸರಕಾರವು ನಾತೂ ಸೋದರರನ್ನು 1827ರ ಒಂದು ಹಳೆಯ ಕಟ್ಟಳೆಯ ಪ್ರಕಾರ ವಿಚಾರಣೆಯಿಲ್ಲದೆ ಬಂಧಿಸಿತು. ಜುಲೈ 27ರಂದು ತಿಲಕರನ್ನು ಸೆರೆಹಿಡಿಯಿತು. ಅವರ ಮೇಲಿನ ಆರೋಪ ಕೊಲೆಯದಲ್ಲ. 'ಕೇಸರಿ'ಯಲ್ಲಿ ಜೂನ್ 15ರಂದು ಶಿವಾಜಿ ಉತ್ಸವದ ಬಗೆಗೆ ಅಚ್ಚಾದ ಬರಹಗಳಿಂದ ರಾಜದ್ರೋಹವಾಯಿತೆಂಬುದು. ಮುಂಬಯಿಯ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸ್ಟ್ರೇಚಿಯವರು ಪಂಚರಿಗೆ ಕಾನೂನನ್ನು ವಿವರಿಸುತ್ತ, ಸರಕಾರದ ಬಗೆಗೆ ಅಪ್ರೀತಿಯೆಂದರೆ ಪ್ರೀತಿಯ ಅಭಾವವೆಂದು ಅರ್ಥ ಹೇಳಿದರು. ಒಂಬತ್ತು ಜನ ಪಂಚರಲ್ಲಿ ಆರು ಮಂದಿ ಯುರೋಪಿಯನ್ನರು ತಪ್ಪಿತಸ್ಥರೆಂದರು. ಮೂವರು ಭಾರತೀಯರು ನಿರಪರಾಧಿಯೆಂದರು. ಸೆಪ್ಟೆಂಬರ್ 14ರಂದು ಹದಿನೆಂಟು ತಿಂಗಳ ಸಶ್ರಮ ಶಿಕ್ಷೆಯಾಯಿತು.

ಪ್ರೀತಿಯಿಲ್ಲದಿರುವುದೇ ಅಪರಾಧ! ಸಾಲ ಕೊಡದವನನ್ನು ಸೆರೆಮನೆಗೆ ಕಳಿಸುವ ಬ್ಯಾಂಕನ್ನು ಕೇಳಿದ್ದೇವೆ. ತನ್ನ ಮೇಲೆ ಮಮತೆಯಿಲ್ಲದ ಗಿರಾಕಿಯನ್ನು ಸೆರೆಮನೆಗೆ ಕಳಿಸುವ ಬ್ಯಾಂಕನ್ನು ಊಹಿಸಿಕೊಳ್ಳಿರಿ. ಮರುವರ್ಷ ಸರಕಾರವು ರಾಜದ್ರೋಹದ ಕಲಮನ್ನು ತಿದ್ದಿ ಇನ್ನೂ ಬಿಗಿಗೊಳಿಸಿತು. ಆದರೆ ಅಷ್ಟರಲ್ಲಿ ಆಗಬೇಕಾದುದು ಆಗಿಹೋಗಿತ್ತು. ಮ್ಯಾಕ್ಸ್ ಮುಲ್ಲರ್ ಮೊದಲಾದ ವಿದ್ವಾಂಸರ ವಿನಂತಿಯ ಮೇರೆಗೆ 1898ರ ಸೆಪ್ಟೆಂಬರಿನಲ್ಲಿ, ಅವಧಿಗೆ ಮುನ್ನವೇ, ತಿಲಕರ ಬಿಡುಗಡೆಯಾದಾಗ ಒಬ್ಬ ಪುಣೆಯ ಮುಖಂಡನ ಬದಲು ದೇಶದ ಮುಖಂಡನೊಬ್ಬನು ಹೊರಗೆ ಬಂದನು. ಅಲ್ಲಿಯವರೆಗೆ ಸೆರೆಮನೆಯು ಮರ್ಯಾದಸ್ಥರಿಗೆ ಕಳಂಕವಾಗಿತ್ತು. ಅನಂತರ ಅದು ಯೋಗ್ಯತೆಯ ಗುರುತಾಯಿತು. ಅರ್ಜಿಯ ರಾಜಕಾರಣ ಹಿಂದೆ ಸರಿದು ತ್ಯಾಗದ ರಾಜಕಾರಣ ಮುಂದೆ ಬಂದ ಹೊರಳು ಇದೇ. 1908ರಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ ಅವರನ್ನು ಮಂಡಾಲೆಗೆ ಕಳಿಸಿದಾಗ ಮುಂಬಯಿಯ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿದರು. ಮುಂದೆ ಗಾಂಧಿಯವರ ಕಾಲದಲ್ಲಿ ಲಕ್ಷಾವಧಿ ಜನ ಸೆರೆಮನೆಗೆ ನಡೆದರಷ್ಟೆ.

ಮಂದಗಾಮಿಗಳಿಗೆ ಈ ಹೊರಳಿನಲ್ಲಿ ಆದ ಹಾನಿಯನ್ನು ತೋರಿಸಲು ಗೋಪಾಲ ಕೃಷ್ಣ ಗೋಖಲೆಯವರ ಉದಾಹರಣೆಯೊಂದೇ ಸಾಕು. ಆ ವರ್ಷ ಅವರು ವೆಲ್ಬಿ ಆಯೋಗದ ಮುಂದೆ ಸಾಕ್ಷಿ ಹೇಳಲು ಇಂಗ್ಲೆಂಡಿಗೆ ಹೋಗಿದ್ದರು. ಪುಣೆಯಿಂದ ಬಂದ ಪತ್ರಗಳ ಆಧಾರದ ಮೇಲೆ, ಸಿಪಾಯಿಗಳು ಸ್ತ್ರೀಯರ ಮೇಲೆ ಅತ್ಯಾಚಾರ ನಡೆಸಿದರೆಂದು ಅಲ್ಲಿಯ ಪತ್ರಿಕೆಗೆ ತಿಳಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಹೆಸರು ಹೇಳಿ ಸಾಕ್ಷಿ ನುಡಿಯಲು ಯಾರೂ ಮುಂದೆ ಬರಲಿಲ್ಲ. ಸತ್ಯನಿಷ್ಠರಾದ ಗೋಖಲೆಯವರು ಬಹಿರಂಗವಾಗಿ ಕ್ಷಮೆ ಕೇಳಿದರು, ಮತ್ತು ಸ್ವಜನರಿಂದಲೇ ತಿರಸ್ಕಾರವನ್ನು ಅನುಭವಿಸಿದರು. ಆ ಕಾಲದ ಯಾವ ಕುಟುಂಬವು ತನ್ನ ಮನೆಯ ಹೆಣ್ಣಿನ ಹೆಸರನ್ನು ಸಾಕ್ಷಿಯ ಕಟ್ಟೆಗೆ ತರುತ್ತಿತ್ತು? ಹಾಗೆಂದು ಪ್ರತಿಯೊಂದು ದೂರೂ ನಿಜವೆಂದು ನಾನು ಹೇಳಲಾರೆ. ಸಾಕ್ಷಿಯಿಲ್ಲದೆ ಉಳಿದುಹೋದ ಲೆಕ್ಕವದು.

ಈ ಗದ್ದಲದ ನಡುವೆ ಇತಿಹಾಸವು ಹೆಚ್ಚು ಗಮನಿಸದ ಇನ್ನೊಂದು ಸಾವು ಇದೆ. ಸಾವಿತ್ರಿಬಾಯಿ ಫುಲೆಯವರು ತಮ್ಮ ದತ್ತುಪುತ್ರರಾದ ಡಾಕ್ಟರ್ ಯಶವಂತರೊಡನೆ ಹಡಪಸರದ ಬದಿಯಲ್ಲಿ ಪ್ಲೇಗಿನ ರೋಗಿಗಳಿಗಾಗಿ ಚಿಕಿತ್ಸಾಲಯವನ್ನು ನಡೆಸಿದರು. ಮುಂಢವಾದ ದಲಿತರ ವಸತಿಯಿಂದ ರೋಗಪೀಡಿತನಾದ ಬಾಲಕನನ್ನು ಬೆನ್ನ ಮೇಲೆ ಹೊತ್ತು ತಂದರೆಂದು ಹೇಳುತ್ತಾರೆ. ಅದೇ ರೋಗ ತಗಲಿ ಅವರು 1897ರ ಮಾರ್ಚ್ 10ರಂದು ತೀರಿಕೊಂಡರು. ಸಿಪಾಯಿಗಳ ಶೋಧನೆ ಆರಂಭವಾದದ್ದು ಆ ನಂತರದ ದಿನಗಳಲ್ಲಿ. ರ‍್ಯಾಂಡನು ತನ್ನ ಕೊನೆಯ ಔತಣವನ್ನುಂಡ ಗಣೇಶಖಿಂಡದ ಬಂಗಲೆಯು 1949ರಲ್ಲಿ ಪುಣೆ ವಿದ್ಯಾಪೀಠದ ಮುಖ್ಯ ಕಟ್ಟಡವಾಯಿತು. 2014ರಲ್ಲಿ ಆ ವಿದ್ಯಾಪೀಠಕ್ಕೆ ಸಾವಿತ್ರಿಬಾಯಿಯವರ ಹೆಸರನ್ನಿಟ್ಟರು.

ಹುಬ್ಬಳ್ಳಿಯ ಸೂಜಿ

ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾ ಮಾರ್ಗವಾಗಿ ಧಾರವಾಡ ಹುಬ್ಬಳ್ಳಿಗಳಿಗೆ ಹೋಗುವ ರೈಲು ಆಗ ಹೊಸದು. ನಮ್ಮ ಹಿರಿಯರನ್ನು ಪುಣೆಗೆ ಕರೆತಂದ ಆ ದಾರಿಯ ಊರುಗಳೂ ರೋಗದಿಂದ ಪಾರಾಗಲಿಲ್ಲ. 1898ರಲ್ಲಿ ಹುಬ್ಬಳ್ಳಿಯು ಪ್ಲೇಗಿನಿಂದ ತತ್ತರಿಸಿತು. ಅದೇ ಮುಂಬಯಿ ಇಲಾಖೆ, ಅದೇ ಸರಕಾರ, ಅದೇ ಕಾಯಿದೆ. ಆದರೆ ಅಲ್ಲಿ ನಡೆದದ್ದೇ ಬೇರೆ.

ಒಡೆಸ್ಸಾ ನಗರದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡಮರ್ ಹಾಫ್ಕಿನ್ ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ಅಂದರೆ ಪುಣೆಯಲ್ಲಿ ನೆಲವನ್ನು ಅಗೆಯುತ್ತಿದ್ದಾಗ ಮುಂಬಯಿಯಲ್ಲಿ ಮದ್ದು ಇತ್ತು. ಸರಕಾರಕ್ಕೆ ಅದರಲ್ಲಿ ಇನ್ನೂ ಪೂರ್ಣ ವಿಶ್ವಾಸ ಹುಟ್ಟಿರಲಿಲ್ಲ. ಹುಬ್ಬಳ್ಳಿಯಲ್ಲಿ 1898ರ ಬೇಸಿಗೆಯಿಂದ ಸೆಪ್ಟೆಂಬರಿನವರೆಗೆ ಸರ್ಜನ್ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಸುಮಾರು 50,000 ಜನವಸತಿಯ ಆ ಊರಿನಲ್ಲಿ 35,000ಕ್ಕೂ ಹೆಚ್ಚು ಮಂದಿ ಲಸಿಕೆ ಹಾಕಿಸಿಕೊಂಡರು. ಲಸಿಕೆ ಹಾಕಿಸಿಕೊಂಡವರಲ್ಲಿ ಸತ್ತವರ ಪ್ರಮಾಣವು ಹಾಕಿಸಿಕೊಳ್ಳದವರಿಗಿಂತ ಎಷ್ಟೋ ಪಾಲು ಕಡಿಮೆಯಾಗಿತ್ತು. ಹಾಫ್ಕಿನ್‌ನ ಲಸಿಕೆಗೆ ಲೋಕದಲ್ಲಿ ಮನ್ನಣೆ ದೊರಕಿಸಿದ ಸಾಕ್ಷ್ಯಗಳಲ್ಲಿ ನಮ್ಮ ಹುಬ್ಬಳ್ಳಿಯದು ಮುಖ್ಯವಾದುದು.

ಹುಬ್ಬಳ್ಳಿಯವರು ಪುಣೆಯವರಿಗಿಂತ ಜಾಣರಾಗಿದ್ದರೆಂದು ಅಭಿಮಾನದಿಂದ ಹೇಳಿಬಿಡಬಹುದು. ಅದು ಸರಿಯಲ್ಲ. ಎರಡು ಕಾರಣಗಳು ನನಗೆ ಕಾಣುತ್ತವೆ. ಸೂಜಿಯ ಫಲವನ್ನು ಯಾರೂ ಭಾಷಣ ಮಾಡಿ ತಿಳಿಸಬೇಕಾಗಿರಲಿಲ್ಲ. ಪಕ್ಕದ ಮನೆಯನ್ನು ನೋಡಿದರೆ ತಿಳಿಯುತ್ತಿತ್ತು. ಇನ್ನೊಂದು, ಲಸಿಕೆಯ ಚೀಟಿ ಕೈಯಲ್ಲಿದ್ದವನಿಗೆ ಶಿಬಿರವಾಸ ಮೊದಲಾದ ಕಟ್ಟುಪಾಡುಗಳಿಂದ ವಿನಾಯಿತಿ ಸಿಗುತ್ತಿತ್ತು. ಹಾಗಾದರೆ ಅಲ್ಲಿಯೂ ಒತ್ತಾಯದ ನೆರಳು ಇದ್ದೇ ಇತ್ತು ಎಂದು ವಾಚಕರು ಆಕ್ಷೇಪಿಸಬಹುದು, ಆಕ್ಷೇಪ ಸರಿಯಾದುದೇ. ಆದರೂ ವ್ಯತ್ಯಾಸವಿದೆ. ಪುಣೆಯಲ್ಲಿ ಸರಕಾರವು ಮನೆಗೆ ಬಂದು ಎಳೆದೊಯ್ದಿತು. ಹುಬ್ಬಳ್ಳಿಯಲ್ಲಿ ಜನ ತಾವಾಗಿ ಸಾಲಿನಲ್ಲಿ ನಿಂತು ಒಂದು ಲಾಭವನ್ನು ಪಡೆದು ಮರಳಿದರು. ಹೊಸ್ತಿಲು ಹೊಸ್ತಿಲಾಗಿಯೇ ಉಳಿಯಿತು.

ನಮ್ಮ ಅಜ್ಜಿಯು ಧಾರವಾಡದ ಕಡೆಯವಳು. ಅವಳ ಬಾಯಲ್ಲಿ ಅದು ಪಿಲೇಗು. ಅವಳ ಅತ್ತೆ ಹುಟ್ಟಿದ್ದು ಊರ ಹೊರಗಿನ ಹೊಲದಲ್ಲಿ, ಪಿಲೇಗಿನ ಗುಡಿಸಲಲ್ಲಿ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಹಂಡೆ ಹಾಸಿಗೆ ಕಟ್ಟಿಕೊಂಡು ಹೊಲಕ್ಕೆ ನಡೆಯಬೇಕೆಂಬುದು ಆ ಕಾಲದ ಹೆಂಗಸರಿಗೆ ಯಾವ ಆಯೋಗವೂ ಕಲಿಸದೆ ತಿಳಿದಿತ್ತಂತೆ. ಸಿಮೋಂನ ಪ್ರಯೋಗವನ್ನು ಒಪ್ಪಲು ಪಂಡಿತರು ಹಿಂದೆಮುಂದೆ ನೋಡುತ್ತಿದ್ದ ದಿನಗಳವು. ಮೈಸೂರು ಸೀಮೆಯಲ್ಲಿ 1898ರ ಪ್ಲೇಗಿನ ಅನಂತರವೇ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳೊಡನೆ ಬೆಳೆದದ್ದು ಬಹುಜನರಿಗೆ ತಿಳಿದೇ ಇದೆ.

ಒಟ್ಟಿನಲ್ಲಿ ಮುಂಬಯಿಯಲ್ಲಿ 1898ರ ಮಾರ್ಚಿನಲ್ಲಿ, ಕಾನಪುರದಲ್ಲಿ 1900ರಲ್ಲಿ ಪ್ಲೇಗಿನ ದಂಗೆಗಳಾದ ಮೇಲೆ ಸರಕಾರವು ಬಲಾತ್ಕಾರದ ಮಾರ್ಗವನ್ನು ಬಹುಮಟ್ಟಿಗೆ ಕೈಬಿಟ್ಟಿತು. ಆದರೆ ಕಳೆದುಹೋದ ವಿಶ್ವಾಸ ಸುಲಭವಾಗಿ ಮರಳಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್‌ನು ಅಪವಾದಕ್ಕೆ ಗುರಿಯಾದನು. ನಿರ್ದೋಷಿಯೆಂದು ಘೋಷಿತನಾದುದು 1907ರಲ್ಲಿ. ಈ ದೇಶದಲ್ಲಿ ಪ್ಲೇಗಿಗೆ ಬಲಿಯಾದವರ ಸಂಖ್ಯೆ ಕೊನೆಗೆ 1 ಕೋಟಿಯನ್ನು ಮೀರಿತು. ಮುಂಬಯಿಯ ಪ್ರಯೋಗಶಾಲೆಗೆ 1925ರಲ್ಲಿ ಹಾಫ್ಕಿನ್‌ನ ಹೆಸರನ್ನಿಟ್ಟರು.

ರಾಜಕಾರಣದ ಕಿಡಿಯೂ ಅದೇ ರೈಲು ದಾರಿಯನ್ನು ಹಿಡಿದು ದಕ್ಷಿಣಕ್ಕೆ ಬಂದಿತು. ಶತಮಾನವು ಹೊರಳುವ ಹೊತ್ತಿನಲ್ಲಿ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು ತಿಲಕರ ಪ್ರಭಾವವನ್ನು ಹೊತ್ತುಕೊಂಡು ಧಾರವಾಡಕ್ಕೆ ಹೋದರು. ಅಲ್ಲಿ ಅದು ಕರ್ನಾಟಕದ ಏಕೀಕರಣದ ಹಂಬಲವಾಗಿ ರೂಪಾಂತರ ಹೊಂದಿತು. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರು ತಿಲಕರ ಬಲಗೈಯಂತಿದ್ದರು. 1916ರ ಏಪ್ರಿಲಿನಲ್ಲಿ ತಿಲಕರು ತಮ್ಮ ಹೋಂರೂಲ್ ಲೀಗನ್ನು ಸ್ಥಾಪಿಸಿದ್ದು ಪುಣೆಯಲ್ಲಲ್ಲ, ಬೆಳಗಾವಿಯಲ್ಲಿ. ಇದನ್ನೆಲ್ಲ ಪ್ಲೇಗಿನ ಲೆಕ್ಕಕ್ಕೇ ಜಮಾ ಮಾಡುವುದು ಅತಿಶಯವಾದೀತು. ಆದರೆ 1897ರ ಸೆರೆಮನೆಯಿಲ್ಲದೆ ಆ ತಿಲಕರಿಲ್ಲ.

ಪತ್ತು

ಕನ್ನಡದ ವ್ಯಾಪಾರಿಗಳಲ್ಲಿ ಪತ್ತು ಎಂಬ ಮಾತಿದೆ. ಮರಾಠಿಯಲ್ಲಿಯೂ ಅದೇ ಶಬ್ದ; ಪುಣೆಯ ಪ್ರತಿಯೊಂದು ಪೇಟೆಯಲ್ಲಿಯೂ ಪತಪೇಢಿಗಳ ಫಲಕಗಳನ್ನು ನೋಡುತ್ತೇವೆ. ಪತ್ತು ಎಂದರೆ ತಿಜೋರಿಯಲ್ಲಿರುವ ಹಣವಲ್ಲ. ನಾಳೆ ಕೊಡುವೆನೆಂದು ನೀವು ಹೇಳಿದಾಗ ಎದುರಿನವನು ನಂಬುವ ನಂಬಿಕೆ. ಬ್ಯಾಂಕು ಮುಳುಗುವುದು ಹಣ ಮುಗಿದಾಗಲ್ಲ, ಗಿರಾಕಿಗಳು ಬಾಗಿಲ ಮುಂದೆ ಸಾಲುಗಟ್ಟಿದಾಗ. 1897ರ ಸರಕಾರಕ್ಕೆ ಸೈನ್ಯವಿತ್ತು, ಕಾಯಿದೆಯಿತ್ತು, ಆಸ್ಪತ್ರೆಯಿತ್ತು. ಒಳ್ಳೆಯ ಉದ್ದೇಶವೂ ಇತ್ತೆಂದು ಒಪ್ಪೋಣ. ಪತ್ತು ಇರಲಿಲ್ಲ. ಆದುದರಿಂದ ಜನರು ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟಲ್ಲಿ ರೋಗ ಹರಡಿತು. ಹರಡಿದ್ದಕ್ಕೆ ಸರಕಾರ ಇನ್ನಷ್ಟು ಬಿಗಿಯಾಯಿತು. ಇದೇ ಸಮಯದಲ್ಲಿ ಆಸ್ಪತ್ರೆಗೆ ಹೋಗಲು ಹೆದರುವವರಿಗಾಗಿ ತಿಲಕರು ಹಿಂದೂ ಪ್ಲೇಗ್ ಆಸ್ಪತ್ರೆಯೊಂದನ್ನು ನಡೆಸಿದರು. ಔಷಧ ಅಲ್ಲಿಯೂ ಇಲ್ಲಿಯೂ ಒಂದೇ, ಏಕೆಂದರೆ ಔಷಧವೇ ಇರಲಿಲ್ಲ. ಆದರೂ ಜನ ಅಲ್ಲಿಗೆ ತಾವಾಗಿ ಬಂದರು.

ನಾಲ್ಕು ಕಲಮುಗಳ ಆ ಕಾಯಿದೆ ಇನ್ನೂ ಜೀವಂತವಾಗಿದೆ. ಮಹಾರಾಷ್ಟ್ರದಲ್ಲಿ ಕೊರೋನಾ ರೋಗದ ಮೊದಲ ರೋಗಿಗಳು ಪತ್ತೆಯಾದದ್ದು 2020ರ ಮಾರ್ಚ್ 9ರಂದು, ನಮ್ಮ ಪುಣೆಯಲ್ಲಿ. ಅದೇ ತಿಂಗಳು 1897ರ ಕಾಯಿದೆಯನ್ನು ಮತ್ತೆ ಹೊರತೆಗೆದರು. ಈ ಸಲದ ಸರಕಾರ ನಮ್ಮದು, ಶೋಧಿಸಲು ಬಂದವರು ಸಿಪಾಯಿಗಳಲ್ಲ, ಆಶಾ ಕಾರ್ಯಕರ್ತೆಯರು. ಹಾಗಿದ್ದರೂ ಒಂದು ಸಂಗತಿಯನ್ನು ನಾನು ಹೇಳಲೇಬೇಕು. ಈ ಲೇಖನವನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ.

ನಾನು ನಮ್ಮ ಗೃಹನಿರ್ಮಾಣ ಸೊಸೈಟಿಯ ಖಜಾಂಚಿ. ಆ ಬೇಸಿಗೆಯಲ್ಲಿ ಮೊದಲ ರೋಗಿ ಪತ್ತೆಯಾದಾಗ ಕಮಿಟಿಯ ಸಭೆ ಸೇರಿ, ಆ ಮನೆಯ ಬಾಗಿಲಿಗೆ ಕೆಂಪು ಕಾಗದವನ್ನು ಅಂಟಿಸಿ, ಮೆಟ್ಟಿಲಿಗೆ ಅಡ್ಡವಾಗಿ ತಗಡು ಬಡಿಯಬೇಕೆಂದು ಠರಾವು ಮಾಡಿದೆವು. ಯಾವ ಅಧಿಕಾರಿಯೂ ನಮಗೆ ಹಾಗೆ ಮಾಡಲು ಹೇಳಿರಲಿಲ್ಲ. ಠರಾವನ್ನು ಬರೆದವನು ನಾನು; ಕಾಗದವನ್ನು ಅಂಟಿಸಿದವನೂ ನಾನೇ. ಆ ಮನೆಯ ಹುಡುಗ ಎರಡು ವಾರಗಳಲ್ಲಿ ಗುಣವಾದನು. ನಮ್ಮ ವ್ಯವಸ್ಥೆ ಚೆನ್ನಾಗಿತ್ತೆಂದು ಎಲ್ಲರೂ ಹೊಗಳಿದರು.

ಜುಲೈ ತಿಂಗಳಿನಲ್ಲಿ ಮೂರನೆಯ ಮಹಡಿಯ ಹಿರಿಯರೊಬ್ಬರಿಗೆ ಜ್ವರ ಬಂದಿತು. ಬಾಗಲಕೋಟೆಯ ಕಡೆಯವರು, ಪ್ರತಿವರ್ಷ ರಾಜ್ಯೋತ್ಸವದ ದಿನ ನಮ್ಮ ಜೊತೆಗೆ ಬಂದು ಕೂಡುತ್ತಿದ್ದರು. ತಗಡಿನ ಅಂಜಿಕೆಯಿಂದ ಐದು ದಿನ ಜ್ವರವನ್ನು ಮುಚ್ಚಿಟ್ಟರು. ಕೆಮ್ಮು ಹೊರಗೆ ಕೇಳಬಾರದೆಂದು ದೂರದರ್ಶನವನ್ನು ಗಟ್ಟಿಯಾಗಿ ಹಚ್ಚುತ್ತಿದ್ದರಂತೆ. ಆರನೆಯ ದಿನ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಉಸಿರು ಸಾಲುತ್ತಿರಲಿಲ್ಲ. ಅವರು ಮರಳಲಿಲ್ಲ. ಮೊದಲೇ ಹೋಗಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ವೈದ್ಯರೇ ಖಚಿತವಾಗಿ ಹೇಳಲಿಲ್ಲ.

2021ರ ಜನವರಿಯಲ್ಲಿ ಪುಣೆಯಲ್ಲಿಯೇ ತಯಾರಾದ ಲಸಿಕೆಯ ಪೆಟ್ಟಿಗೆಗಳು ಇಲ್ಲಿಂದ ದೇಶದ ಮೂಲೆ ಮೂಲೆಗಳಿಗೆ ಹೊರಟವು. ಹಿರಿಯರ ಸರದಿ ಮಾರ್ಚಿನಲ್ಲಿ ಬಂದಿತು. ಆ ಮನೆಯ ತಾಯಿಗೆ ಒಬ್ಬರೇ ಹೋಗುವುದು ಆಗದು, ಮಗ ಪರದೇಶದಲ್ಲಿ. ನಾನು ಹೋಗಿ ಬಾಗಿಲು ಬಡಿದು, ಹೆಸರನ್ನು ನೋಂದಾಯಿಸಿದ್ದೇನೆ, ಕರೆದುಕೊಂಡು ಹೋಗುತ್ತೇನೆ ಎಂದೆ. ಅವರು ಬಹಳ ಹೊತ್ತು ಬಾಗಿಲಲ್ಲಿಯೇ ನಿಂತಿದ್ದರು. ನಾನೂ ಹೊಸ್ತಿಲಿನ ಹೊರಗೇ ನಿಂತಿದ್ದೆ. ಕೊನೆಗೆ ಒಳಗೆ ಹೋಗಿ ಸೀರೆ ಬದಲಿಸಿ, ಆಧಾರ್ ಕಾರ್ಡು ತೆಗೆದುಕೊಂಡು ಬಂದರು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಕೇಂದ್ರದಲ್ಲಿ ನಮ್ಮ ಮುಂದೆ ನಲವತ್ತು ಜನರ ಸಾಲು ಇತ್ತು.